ಒರಿಜಿನಲ್ಲಾ, ಲೋಕಲ್ಲಾ? ಹೊರಗಿನವರು ಎರಕ ಹೊಯ್ದ ಎಂಜಿನ್ ಬ್ಲಾಕ್‌ಗಳ ಕಥೆ

ಭಾಗ 1/8: ಕೌಂಟರ್‌ನಲ್ಲಿ ಕೇಳೋ ಪ್ರಶ್ನೆ

ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಏನೇ ಕೇಳಿ, ಮೊದಲು ಬರೋ ಮಾತು ಒಂದೇ. "ಒರಿಜಿನಲ್ ಕೊಡ್ಲಾ, ಲೋಕಲ್ ಕೊಡ್ಲಾ?"

ಒರಿಜಿನಲ್ ಅಂದ್ರೆ ಕಂಪನಿದು, ಬಾಳಿಕೆ ಬರುತ್ತೆ. ಲೋಕಲ್ ಅಂದ್ರೆ ಹೊರಗಿನವರು ಮಾಡಿದ್ದು, ರೇಟ್ ಕಮ್ಮಿ, ಗ್ಯಾರಂಟಿ ದೇವರಿಗೇ ಬಿಟ್ಟದ್ದು. ನಾವೆಲ್ಲ ಕಲಿತಿರೋದು ಹೀಗೇ.

ಈ ಸೀರೀಸ್‌ನಲ್ಲಿ ಹೇಳೋಕೆ ಹೊರಟಿರೋದು ಇದರ ಉಲ್ಟಾ ಕಥೆ. ಕಂಪನಿಯ ಎಂಜಿನ್ ಬ್ಲಾಕ್ ಸಾಲದೆ ಹೋದಾಗ, ಕೆಲವು ಸಲ ಕಂಪನಿ ಆ ಬ್ಲಾಕ್ ಮಾಡೋದನ್ನೇ ನಿಲ್ಲಿಸಿದಾಗ, ಹೊರಗಿನ ವರ್ಕ್‌ಶಾಪಿನವರು ಅದಕ್ಕಿಂತ ಗಟ್ಟಿ ಬ್ಲಾಕ್ ಎರಕ ಹೊಯ್ದರು. ಇದು ಹೆಚ್ಚಾಗಿ ನಡೆದದ್ದು ಅಮೆರಿಕದ ರೇಸಿಂಗ್ ಜಗತ್ತಿನಲ್ಲಿ. ಅಲ್ಲಿ ಇಂಥದ್ದಕ್ಕೆ ಆಫ್ಟರ್‌ಮಾರ್ಕೆಟ್ ಬ್ಲಾಕ್ ಅಂತಾರೆ.

ಆದರೆ ಮೊದಲ ಫೋಟೋದಲ್ಲಿರೋದು ಅಮೆರಿಕದ್ದಲ್ಲ. ನಮ್ಮ ದೊಡ್ಡಪ್ಪನ ಯೆಜ್ಡಿಯ ಸಿಲಿಂಡರ್. ನಮ್ಮ ಗ್ಯಾರೇಜ್‌ಗಳಲ್ಲಿ ಅದಕ್ಕೂ ಬ್ಲಾಕ್ ಅಂತಾನೇ ಹೆಸರು. ಒಳಗೋಡೆ ಮೇಲೆ ಉದ್ದುದ್ದ ಗೀರು ಕಾಣ್ತಿದೆ ಅಲ್ವಾ? ಬೋರ್ ಮಾಡಿಸಿ ತಂದ ಮೂರನೇ ದಿನ ಪಿಸ್ಟನ್ ಸೀಜ್ ಆಯ್ತು. ತಪ್ಪು ನಂದು. ಏನು ತಪ್ಪು ಅಂತ ಎಂಟನೇ ಭಾಗದಲ್ಲಿ ಹೇಳ್ತೀನಿ. ಯಾಕಂದ್ರೆ ಆ ತಪ್ಪು ಅರ್ಥ ಆಗೋಕೆ ಮಧ್ಯದ ಆರು ಭಾಗ ಓದಲೇಬೇಕು.

ಭಾಗ 2/8: 1955ರ ಬ್ಲಾಕ್

ಬ್ಲಾಕ್ ಅಂದ್ರೆ ಎಂಜಿನ್‌ನ ಬೆನ್ನೆಲುಬು. ಪಿಸ್ಟನ್ ಓಡಾಡೋ ಸಿಲಿಂಡರ್‌ಗಳು, ಕೆಳಗೆ ಕ್ರ್ಯಾಂಕ್‌ಶಾಫ್ಟ್ ಕೂರೋ ಜಾಗ, ಸುತ್ತ ನೀರು ಹರಿಯೋ ಪೊಳ್ಳು, ಎಣ್ಣೆ ಹೋಗೋ ಸಣ್ಣ ದಾರಿಗಳು, ಎಲ್ಲ ಒಂದೇ ಎರಕದಲ್ಲಿ.

1955ರಲ್ಲಿ ಷೆವರ್ಲೆ ಕಂಪನಿ ಒಂದು ಹೊಸ ವಿ8 ಎಂಜಿನ್ ತಂದಿತು. 265 ಘನ ಇಂಚು, ಅಂದ್ರೆ 4.3 ಲೀಟರ್. ಆಗ ಅಲ್ಲಿ ಚೀಫ್ ಎಂಜಿನಿಯರ್ ಆಗಿದ್ದವರು ಎಡ್ ಕೋಲ್. ಇದರ ವಿಶೇಷ ತೆಳು ಗೋಡೆಯ ಎರಕ. ಕಬ್ಬಿಣ ಕಮ್ಮಿ, ತೂಕ ಕಮ್ಮಿ, ಖರ್ಚೂ ಕಮ್ಮಿ. ಜನ ಇದಕ್ಕೆ ಸ್ಮಾಲ್ ಬ್ಲಾಕ್ ಅಂತ ಹೆಸರಿಟ್ಟರು.

ಅಕ್ಕಪಕ್ಕದ ಎರಡು ಸಿಲಿಂಡರ್‌ಗಳ ಕೇಂದ್ರದಿಂದ ಕೇಂದ್ರಕ್ಕೆ 4.4 ಇಂಚು. ಆ ಅಂತರ ಮುಟ್ಟದೇನೇ ಕಂಪನಿ ಎಂಜಿನ್ ದೊಡ್ಡದು ಮಾಡ್ತಾ ಹೋಯ್ತು: 1962ರಲ್ಲಿ 327, 1967ರಲ್ಲಿ 350, 1970ರಲ್ಲಿ 400 ಘನ ಇಂಚು. 400ರ ಹೊತ್ತಿಗೆ ಜಾಗ ಎಷ್ಟು ಇಕ್ಕಟ್ಟಾಯ್ತು ಅಂದ್ರೆ ಪಕ್ಕದ ಸಿಲಿಂಡರ್ ಗೋಡೆಗಳು ಒಂದಕ್ಕೊಂದು ಅಂಟಿಕೊಂಡವು. ನಡುವೆ ನೀರು ಹರಿಯೋಕೆ ದಾರಿಯೇ ಇಲ್ಲ.

ಅಗ್ಗ, ಎಲ್ಲೆಂದರಲ್ಲಿ ಸಿಗುತ್ತೆ. ರೇಸ್ ಹುಚ್ಚಿನ ಹುಡುಗರಿಗೆ ಇನ್ನೇನು ಬೇಕು? ಆದರೆ ಬೋರ್ ದೊಡ್ಡದು ಮಾಡಿದಷ್ಟೂ ಗೋಡೆ ಸಣ್ಣಗಾಗುತ್ತೆ. ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ತೊಂದರೆ ಇತ್ತು. ನೀರಿನ ಪೊಳ್ಳು ಬರಲಿ ಅಂತ ಅಚ್ಚಿನೊಳಗೆ ಮರಳಿನ ಕೋರ್ ಇಡ್ತಾರೆ. ಕರಗಿದ ಕಬ್ಬಿಣ ನುಗ್ಗುವಾಗ ಆ ಕೋರ್ ಒಂಚೂರು ಜರುಗಿದ್ರೂ ಸಾಕು, ಸಿಲಿಂಡರ್ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ. ತೆಳು ಕಡೆ ಒತ್ತಡ ಬಿದ್ದಾಗ ಸೀಳು ಬಿಡುತ್ತೆ.

ಇದು ಕಂಪನಿಯ ಮೋಸ ಅಲ್ಲ. ಅವರು ಮಾಡಿದ್ದು ಆಫೀಸಿಗೂ ಅಂಗಡಿಗೂ ಹೋಗಿಬರೋ ಕಾರಿನ ಬ್ಲಾಕ್. ಅದರಿಂದ ಮೂರು ಪಟ್ಟು ಶಕ್ತಿ ಕೇಳಿದವರು ನಾವು.

ಭಾಗ 3/8: ಗುಜರಿಯಲ್ಲಿ ಬ್ಲಾಕ್ ಹುಡುಕಾಟ

ಈಗ ಇನ್ನೊಂದು ಕಂಪನಿ. 1951ರಿಂದ ಕ್ರೈಸ್ಲರ್ ಮಾಡ್ತಿದ್ದ ಎಂಜಿನ್‌ಗೆ ಹೆಮಿ ಅಂತ ಹೆಸರು. ಉರಿಯುವ ಕೋಣೆಯ ಮೇಲ್ಛಾವಣಿ ಅರ್ಧ ಚೆಂಡಿನ ಆಕಾರ, ಅದಕ್ಕೇ ಆ ಹೆಸರು. ಇದರ ದೊಡ್ಡಣ್ಣ 392 ಘನ ಇಂಚಿನದು, ಬಂದದ್ದು 1957ರಲ್ಲಿ. 1958ಕ್ಕೇ ಅದರ ತಯಾರಿಕೆ ಮುಗೀತು.

ಕಂಪನಿ ಬಿಟ್ಟಿತು, ಡ್ರ್ಯಾಗ್ ರೇಸ್‌ನವರು ಬಿಡಲಿಲ್ಲ. ಡ್ರ್ಯಾಗ್ ರೇಸ್ ಅಂದ್ರೆ ಆಗ ಕಾಲು ಮೈಲಿ, ಸುಮಾರು 402 ಮೀಟರ್ ನೇರ ಓಟ. ಅದರ ಅತಿ ವೇಗದ ವರ್ಗ ಟಾಪ್ ಫ್ಯುಯೆಲ್. ಅಲ್ಲಿ ಪೆಟ್ರೋಲ್ ಅಲ್ಲ, ನೈಟ್ರೋಮೀಥೇನ್. ಪೆಟ್ರೋಲ್ ಪೂರ್ತಿ ಉರಿಯೋಕೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ನೈಟ್ರೋಗೆ 1.7 ಪಾಲು ಸಾಕು, ಯಾಕಂದ್ರೆ ಅದರ ಅಣುವಿನಲ್ಲೇ ಆಮ್ಲಜನಕ ಇದೆ. ಅಂದ್ರೆ ಅಷ್ಟೇ ಗಾಳಿಯಲ್ಲಿ ಎಷ್ಟೋ ಪಟ್ಟು ಜಾಸ್ತಿ ಇಂಧನ ಉರಿಸಬಹುದು. ಒತ್ತಡವೂ ಹಾಗೇ ಏರುತ್ತೆ.

ಕುಟುಂಬದ ಕಾರಿಗೆ ಅಂತ 1950ರ ದಶಕದಲ್ಲಿ ಎರಕ ಹೊಯ್ದ ಕಬ್ಬಿಣ ಇದನ್ನ ಎಷ್ಟು ದಿನ ತಡೆಯುತ್ತೆ? ಕನೆಕ್ಟಿಂಗ್ ರಾಡ್ ಮುರಿದರೆ ಬ್ಲಾಕಿನ ಗೋಡೆ ತೂತು ಮಾಡ್ಕೊಂಡು ಆಚೆ ಬರುತ್ತೆ. ಬ್ಲಾಕ್ ಅಲ್ಲಿಗೆ ಗುಜರಿ. ಎರಕದ ಕಬ್ಬಿಣಕ್ಕೆ ನಂಬಿಕೆಯ ವೆಲ್ಡಿಂಗ್ ಮಾಡೋದು ಬಹಳ ಕಷ್ಟ. ಹಾಗಾಗಿ ಇನ್ನೊಂದು ಹಳೇ ಕಾರ್ ಹುಡುಕ್ಕೊಂಡು ಗುಜರಿ ಅಂಗಡಿಗಳಿಗೆ ಅಲೆಯೋದು. ವರ್ಷ ಕಳೆದಂತೆ ಅದೂ ಸಿಗ್ತಿರಲಿಲ್ಲ.

ದುಡ್ಡಿನ ವಿಷಯ ಮಾತ್ರ ಅಲ್ಲ ಇದು. ಆಗಿನ ಕಾರ್‌ಗಳಲ್ಲಿ ಡ್ರೈವರ್ ಕೂತಿರೋದು ಎಂಜಿನ್ ಹಿಂದೆ. ಎಂಜಿನ್ ಸಿಡಿದರೆ ಬಿಸಿ ಎಣ್ಣೆ, ಬೆಂಕಿ, ಲೋಹದ ಚೂರು, ಎಲ್ಲ ನೇರ ಅವನ ಮುಖಕ್ಕೆ. ಒಂದು ಬ್ಲಾಕ್ ಗಟ್ಟಿ ಇದೆಯಾ ಇಲ್ವಾ ಅನ್ನೋದು ಆ ಮನುಷ್ಯ ಸಂಜೆ ಮನೆಗೆ ಹೋಗ್ತಾನಾ ಇಲ್ವಾ ಅನ್ನೋ ಪ್ರಶ್ನೆ ಆಗಿತ್ತು.

ಭಾಗ 4/8: 1971

ಈ ಫೋಟೋ ನಾನು ನೋಟ್‌ಬುಕ್ಕಲ್ಲಿ ಬಿಡಿಸಿದ ಚಿತ್ರ. ಗೆರೆ ಸೊಟ್ಟ ಇದ್ರೆ ಕ್ಷಮಿಸಿ.

ಎಡ್ ಡೊನೊವನ್ ಅಂತ ಕ್ಯಾಲಿಫೋರ್ನಿಯಾದ ಒಬ್ಬ ರೇಸಿಂಗ್ ಬಿಡಿಭಾಗಗಳ ತಯಾರಕ. ಅವರು ಗುಜರಿಗೆ ಹೋಗೋ ಬದಲು 392ರ ವಿನ್ಯಾಸವನ್ನೇ ಆಧಾರ ಮಾಡ್ಕೊಂಡು ಹೊಸ ಬ್ಲಾಕನ್ನೇ ಎರಕ ಹೊಯ್ಯೋಕೆ ಹೊರಟರು, ಅದೂ ಅಲ್ಯೂಮಿನಿಯಂನಲ್ಲಿ. 1971ರಲ್ಲಿ ಬಂದ ಅದರ ಹೆಸರು ಡೊನೊವನ್ 417. ಅದೇ ವರ್ಷ ಕ್ಯಾಲಿಫೋರ್ನಿಯಾದ ಒಂಟಾರಿಯೋ ಟ್ರ್ಯಾಕ್‌ನಲ್ಲಿ ನಡೆದ ಸೂಪರ್‌ನ್ಯಾಷನಲ್ಸ್ ರೇಸಿಗೆ ಜಾನ್ ವೀಬಿ ಅನ್ನೋ ಡ್ರೈವರ್ ಆ ಎಂಜಿನ್ ತಂದರು.

ಅಲ್ಯೂಮಿನಿಯಂ ಯಾಕೆ? ಒಂದೇ ಗಾತ್ರದ ಎರಕದ ಕಬ್ಬಿಣಕ್ಕೆ ಹೋಲಿಸಿದರೆ ಅದರ ತೂಕ ಸುಮಾರು ಮೂರರಲ್ಲಿ ಒಂದು ಪಾಲು ಅಷ್ಟೇ. ಆದರೆ ನನಗೆ ಮುಖ್ಯ ಅನ್ಸಿದ್ದು ಬೇರೆ. ಸಿಲಿಂಡರ್‌ಗಳನ್ನ ಬ್ಲಾಕ್ ಜೊತೆಗೇ ಎರಕ ಹೊಯ್ಯದೆ, ಬಿಚ್ಚಿ ಬದಲಿಸೋ ಥರ ಸ್ಲೀವ್‌ಗಳನ್ನ ಕೂರಿಸಿದರು. ಒಂದು ಸಿಲಿಂಡರ್ ಹಾಳಾದ್ರೆ ಆ ಸ್ಲೀವ್ ತೆಗೆದು ಹೊಸದು ಹಾಕಿ. ಗೋಡೆ ತೂತಾದ್ರೆ ಅಲ್ಯೂಮಿನಿಯಂ ವೆಲ್ಡ್ ಮಾಡಿ. ಬ್ಲಾಕ್ ಮತ್ತೆ ರೇಸಿಗೆ ಸಿದ್ಧ. ಕೆಡುತ್ತೆ ಅಂತ ಒಪ್ಪಿಕೊಂಡೇ ಮಾಡಿದ ಡಿಸೈನ್ ಇದು.

1971 ಈ ಆಟಕ್ಕೆ ದೊಡ್ಡ ವರ್ಷ. ಹಿಂದಿನ ವರ್ಷ ಟ್ರಾನ್ಸ್‌ಮಿಷನ್ ಸಿಡಿದು ಬಲಗಾಲಿನ ಪಾದದ ಭಾಗ ಕಳೆದುಕೊಂಡಿದ್ದ ಡಾನ್ ಗಾರ್ಲಿಟ್ಸ್, ಎಂಜಿನ್‌ನ ತನ್ನ ಬೆನ್ನ ಹಿಂದಕ್ಕೆ ಸರಿಸಿದ ಕಾರ್ ತಂದು ಗೆಲ್ಲೋಕೆ ಶುರು ಮಾಡಿದ್ದೂ ಅದೇ ವರ್ಷ. ಕ್ರೈಸ್ಲರ್ ತನ್ನ ಎರಡನೇ ಹೆಮಿ, 426 ಘನ ಇಂಚಿನದನ್ನ ರಸ್ತೆ ಕಾರ್‌ಗಳಿಗೆ ಕೊಡೋದು ನಿಲ್ಲಿಸಿದ್ದೂ ಅದೇ ವರ್ಷ. ಆ 426ರ ಅಲ್ಯೂಮಿನಿಯಂ ರೂಪವನ್ನ 1974ರಲ್ಲಿ ಕೀತ್ ಬ್ಲ್ಯಾಕ್ ತಂದರು.

ಇವತ್ತಿನ ಟಾಪ್ ಫ್ಯುಯೆಲ್ ಎಂಜಿನ್‌ನ ಮೂಲ ವಿನ್ಯಾಸ ಈಗಲೂ ಆ 426 ಹೆಮಿದೇ. ಆದರೆ ಅದರಲ್ಲಿ ಕ್ರೈಸ್ಲರ್ ಮಾಡಿದ ಭಾಗ ಇಲ್ಲ. ಎರಕ ಕೂಡ ಅಲ್ಲ, ಗಟ್ಟಿ ಅಲ್ಯೂಮಿನಿಯಂ ದಿಮ್ಮಿಯಿಂದ ಕೊರೆದು ತೆಗೆಯೋ ಬ್ಲಾಕ್. ನೀರಿನ ಪೊಳ್ಳೂ ಇಲ್ಲ, ಓಟ ಕೆಲವೇ ಸೆಕೆಂಡ್ ತಾನೇ.

ಭಾಗ 5/8: "ಹಳೇದೇ ಗಟ್ಟಿ ಕಣಪ್ಪ"

ಈ ಮಾತು ಎಲ್ಲ ಗ್ಯಾರೇಜಲ್ಲೂ ಕೇಳಿರ್ತೀರ. ಸ್ವಲ್ಪ ಹೊತ್ತು ಅಮೆರಿಕ ಬಿಟ್ಟು ಜರ್ಮನಿಗೆ ಬನ್ನಿ, ಈ ಮಾತಿನ ಪರವಾಗಿ ಒಂದು ಗಟ್ಟಿ ಸಾಕ್ಷಿ ಇದೆ.

1983ರಲ್ಲಿ ನೆಲ್ಸನ್ ಪಿಕೆ ಫಾರ್ಮುಲಾ 1 ಚಾಂಪಿಯನ್ ಆದರು. ಟರ್ಬೋ ಎಂಜಿನ್‌ನಲ್ಲಿ ಗೆದ್ದ ಮೊದಲ ಚಾಂಪಿಯನ್. ಬ್ರಾಬಂ ಕಾರ್, ಬಿಎಂಡಬ್ಲ್ಯು ಎಂಜಿನ್, ಬರೀ 1.5 ಲೀಟರ್, ನಾಲ್ಕು ಸಿಲಿಂಡರ್. ಅದರ ಬ್ಲಾಕ್ ಯಾವುದು ಗೊತ್ತಾ? 1960ರ ದಶಕದಿಂದ ರಸ್ತೆ ಕಾರ್‌ಗಳಲ್ಲಿದ್ದ ಕಬ್ಬಿಣದ ಬ್ಲಾಕ್. ಪಾಲ್ ರೋಶ ಅವರ ತಂಡ ಅದಕ್ಕೆ ಬಹಳ ದೂರ ಓಡಿದ ಹಳೇ ಬ್ಲಾಕ್‌ಗಳನ್ನೇ ಆರಿಸ್ತಿತ್ತು. ಮುಂದೆ ಆ ಎಂಜಿನ್ ಕ್ವಾಲಿಫೈಯಿಂಗ್ ಸುತ್ತಿನಲ್ಲಿ ಸಾವಿರ ಹಾರ್ಸ್‌ಪವರ್ ದಾಟಿತು.

ಕಾರಣ ಮಂತ್ರ ಅಲ್ಲ, ಲೋಹಶಾಸ್ತ್ರ. ಎರಕ ತಣಿಯುವಾಗ ತೆಳು ಭಾಗ ಬೇಗ, ದಪ್ಪ ಭಾಗ ನಿಧಾನಕ್ಕೆ ತಣಿಯುತ್ತೆ. ಆ ಎಳೆದಾಟ ಲೋಹದೊಳಗೆ ಸಿಕ್ಕಿಹಾಕ್ಕೊಂಡು ಉಳಿಯುತ್ತೆ. ಎಂಜಿನ್ ಸಾವಿರಾರು ಸಲ ಬಿಸಿಯಾಗಿ ತಣ್ಣಗಾದಾಗ ಅದು ನಿಧಾನಕ್ಕೆ ಸಡಿಲ ಆಗುತ್ತೆ. ಆಮೇಲೆ ಬೋರ್ ಮಾಡಿದ್ರೆ ಆ ಅಳತೆ ಅಲ್ಲೇ ನಿಲ್ಲುತ್ತೆ. ಹಸಿ ಎರಕ ಹಾಗಲ್ಲ. ಇವತ್ತು ಕೊರೆದ ದುಂಡು ತಿಂಗಳಾದ ಮೇಲೆ ದುಂಡಾಗೇ ಇರುತ್ತೆ ಅಂತ ಹೇಳೋಕಾಗಲ್ಲ.

ಆದರೆ ಹಳೇ ಬ್ಲಾಕಿಗೆ ಹಳೇ ರೋಗಗಳೂ ಇರುತ್ವೆ: ತುಕ್ಕು, ಬಿರುಕು, ಯಾರೋ ಹಿಂದೆ ಮಾಡಿದ ಕೆಟ್ಟ ರಿಪೇರಿ. ಜೊತೆಗೆ ಅದು ಒಂದು ದಿನ ಮುಗಿದೇ ಮುಗಿಯುತ್ತೆ. ಎರಕವನ್ನ ಬೇಕಂತಲೇ ಕಾಯಿಸಿ ನಿಧಾನ ತಣಿಸಿದರೆ ಅದೇ ಎಳೆದಾಟ ಕಳೆಯಬಹುದು. ಲಕ್ಷ ಕಿಲೋಮೀಟರ್ ಓಡೋ ತನಕ ಕಾಯಬೇಕಾಗಿಲ್ಲ.

ಭಾಗ 6/8: ಮತ್ತೆ ಕಬ್ಬಿಣಕ್ಕೆ

ಅಲ್ಯೂಮಿನಿಯಂ ಬ್ಲಾಕ್ ದುಬಾರಿ. ಊರಿನ ಟ್ರ್ಯಾಕ್‌ನಲ್ಲಿ ವಾರಕ್ಕೊಮ್ಮೆ ರೇಸ್ ಮಾಡೋನು ಏನು ಮಾಡ್ಬೇಕು? ಅವನಿಗೆ ಬೇಕಿದ್ದದ್ದು ಅದೇ ಸ್ಮಾಲ್ ಬ್ಲಾಕ್, ಕಬ್ಬಿಣದ್ದೇ, ಆದರೆ ಎರಡನೇ ಭಾಗದಲ್ಲಿ ಹೇಳಿದ ದೋಷ ಇಲ್ಲದ್ದು.

ಈ ಜಾಗಕ್ಕೆ ಬಂದವರು ಮಿಷಿಗನ್‌ನ ಡಾರ್ಟ್, ನ್ಯೂಯಾರ್ಕ್ ಕಡೆಯ ವರ್ಲ್ಡ್ ಪ್ರಾಡಕ್ಟ್ಸ್ ಥರದವರು. ಡಾರ್ಟ್ ಕಟ್ಟಿದ ರಿಚರ್ಡ್ ಮ್ಯಾಸ್ಕಿನ್, ವರ್ಲ್ಡ್ ಕಟ್ಟಿದ ಬಿಲ್ ಮಿಚೆಲ್, ಇಬ್ಬರೂ ರೇಸಿಂಗ್ ಎಂಜಿನ್ ಕಟ್ಟೋ ಕೆಲಸದಿಂದಲೇ ಬಂದವರು. ಎಲ್ಲಿ ಮುರಿಯುತ್ತೆ ಅಂತ ಅವರ ಕೈಗೇ ಗೊತ್ತಿತ್ತು. ಡಾರ್ಟ್‌ನ ಲಿಟಲ್ ಎಂ, ವರ್ಲ್ಡ್‌ನ ಮೋಟೌನ್ ಹೀಗೆ ಬಂದವು.

ಲಿಟಲ್ ಎಂ ಥರದ ಬ್ಲಾಕ್‌ನಲ್ಲಿ ಏನು ಬದಲಾಯ್ತು?

🔩 ಗೋಡೆ ದಪ್ಪ. 4.125 ಇಂಚಿನ ಬೋರ್ ಇಟ್ಟರೂ ಸಾಕಷ್ಟು ಲೋಹ ಉಳಿಯುತ್ತೆ.

🔩 ಕ್ರ್ಯಾಂಕ್‌ಶಾಫ್ಟ್ ಹಿಡಿಯೋ ಮೇನ್ ಕ್ಯಾಪ್‌ಗೆ ಎರಡರ ಬದಲು ನಾಲ್ಕು ಬೋಲ್ಟ್. ಹೊರಗಿನ ಬೋಲ್ಟ್‌ಗಳು ಓರೆಯಾಗಿ ಬ್ಲಾಕಿನ ದಪ್ಪ ಭಾಗಕ್ಕೆ ಇಳಿಯುತ್ವೆ. ನೇರ ಇಳಿದರೆ ತೆಳು ಜಾಗದಲ್ಲಿ ಬಿರುಕು ಬಿಡೋ ಭಯ.

🔩 ಎಣ್ಣೆಯ ದಾರಿ. ಕಂಪನಿ ಬ್ಲಾಕ್‌ನಲ್ಲಿ ಎಣ್ಣೆ ಕ್ಯಾಮ್‌ಶಾಫ್ಟ್ ಸುತ್ತ ಹಾದು ಕ್ರ್ಯಾಂಕ್‌ಗೆ ತಲುಪುತ್ತೆ. ಇಲ್ಲಿ ಮೊದಲ ಪಾಲು ಕ್ರ್ಯಾಂಕಿಗೆ. ಜಾಸ್ತಿ ದುಡಿಯೋನಿಗೆ ಮೊದಲು ಊಟ.

ಗಮನಿಸಿ: ಹೊರ ಅಳತೆಗಳು, ಆ 4.4 ಇಂಚು, ಬೋಲ್ಟ್ ತೂತುಗಳ ಜಾಗ, ಎಲ್ಲ 1955ರ ದಾರಿಯಲ್ಲೇ. ಅದಕ್ಕೇ ಹಳೇ ಬಿಡಿಭಾಗ ಇದಕ್ಕೂ ಕೂರುತ್ತೆ. ದೋಷ ಮಾತ್ರ ತಿದ್ದಿದ್ದು, ನೆಂಟಸ್ತನ ಬಿಟ್ಟಿಲ್ಲ.

ಭಾಗ 7/8: ಪೆಟ್ಟಿಗೆ ಬಿಚ್ಚಿದ್ರೆ ಕೆಲಸ ಶುರು

ನಾನು ಅಂದ್ಕೊಂಡಿದ್ದು: ಇಷ್ಟು ದುಡ್ಡು ಕೊಟ್ಟು ತಂದ ಬ್ಲಾಕ್, ಪೆಟ್ಟಿಗೆಯಿಂದ ತೆಗೆದು ಪಿಸ್ಟನ್ ಹಾಕೋದೇ. ತಪ್ಪು. ಸಿಲಿಂಡರ್‌ಗಳನ್ನ ಕೊನೆಯ ಅಳತೆಗಿಂತ ಇಂಚಿನ ಸಾವಿರದ ಕೆಲವು ಭಾಗ ಕಮ್ಮಿ ಬಿಟ್ಟೇ ಕಳಿಸ್ತಾರೆ. ಬೇಕಂತಲೇ. ಯಾರ ಪಿಸ್ಟನ್, ಎಷ್ಟು ಬಿಸಿ, ಯಾವ ಇಂಧನ, ಅವರಿಗೇನು ಗೊತ್ತು? ಕೊನೆಯ ಅಳತೆ ಎಂಜಿನ್ ಕಟ್ಟೋನ ಜವಾಬ್ದಾರಿ.

ಮೊದಲು ತಪಾಸಣೆ. ಗೋಡೆಯ ದಪ್ಪ ಅಲ್ಟ್ರಾಸೌಂಡ್‌ನಲ್ಲಿ, ಆಸ್ಪತ್ರೆ ಸ್ಕ್ಯಾನಿಂಗ್‌ನ ತತ್ವವೇ. ಕಬ್ಬಿಣಕ್ಕೆ ಆಯಸ್ಕಾಂತ ಹಿಡಿದು ಪುಡಿ ಉದುರಿಸಿದ್ರೆ ಬಿರುಕು ಇರೋ ಕಡೆ ಪುಡಿ ಗೆರೆ ಕಟ್ಟುತ್ತೆ. ಆಮೇಲೆ ಎರಕದ ಚೂಪು ಅಂಚುಗಳನ್ನ ಉಜ್ಜಿ ತೆಗೆಯೋದು. ಬಿರುಕು ಹುಟ್ಟೋದೇ ಚೂಪು ಮೂಲೆಯಲ್ಲಿ.

ಆಮೇಲೆ ಕ್ರ್ಯಾಂಕ್ ಲೈನ್. ಮೇನ್ ಕ್ಯಾಪ್‌ಗಳನ್ನ ಪೂರ್ತಿ ಬಿಗಿ ಮಾಡಿ, ಐದೂ ತೂತುಗಳು ಒಂದೇ ಸರಳರೇಖೆಗೆ ಬರೋ ಹಾಗೆ ಹೋನ್ ಮಾಡ್ತಾರೆ. ಮನೆ ಕಟ್ಟುವಾಗ ಮೊದಲು ದಾರ ಹಿಡೀತಾರಲ್ಲ, ಹಾಗೆ. ಮಿಕ್ಕ ಅಳತೆ ಎಲ್ಲ ಇಲ್ಲಿಂದಲೇ. ಬ್ಲಾಕಿನ ಮೇಲ್ಮೈ, ಅಂದ್ರೆ ಡೆಕ್, ಈ ರೇಖೆಯಿಂದ ಸ್ಮಾಲ್ ಬ್ಲಾಕಿನಲ್ಲಿ 9.025 ಇಂಚು ಎತ್ತರ. ಎರಡೂ ಬದಿ, ಎರಡೂ ತುದಿ ಒಂದೇ ಇರಬೇಕು. ಇಲ್ಲಾಂದ್ರೆ ಒಂದೊಂದು ಸಿಲಿಂಡರ್‌ಗೆ ಒಂದೊಂದು ಕಂಪ್ರೆಷನ್.

ಕೊನೆಗೆ ಬೋರ್ ಮತ್ತು ಹೋನ್. ಇಲ್ಲೊಂದು ಚಂದದ ಉಪಾಯ ಇದೆ. ಸ್ಮಾಲ್ ಬ್ಲಾಕಿನ ಒಂದು ಹೆಡ್‌ಗೆ 17 ಬೋಲ್ಟ್. ಅಷ್ಟನ್ನೂ ಬಿಗಿ ಮಾಡಿದಾಗ ಸಿಲಿಂಡರ್‌ನ ದುಂಡು ಒಂಚೂರು ಸೊಟ್ಟ ಆಗುತ್ತೆ. ಹೆಡ್ ಇಲ್ಲದೆ ಎಷ್ಟೇ ದುಂಡಗೆ ಮಾಡಿದ್ರೂ ಎಂಜಿನ್ ಕಟ್ಟಿದ ಮೇಲೆ ಅದು ದುಂಡಲ್ಲ! ಅದಕ್ಕೇ ಹೆಡ್ ಬದಲು ತೂತಿರೋ ದಪ್ಪ ಪ್ಲೇಟ್ ಕೂರಿಸಿ, ಅದೇ ಬೋಲ್ಟ್ ಅಷ್ಟೇ ಬಿಗಿ ಮಾಡಿ, ಸೊಟ್ಟ ಆಗೋದು ಆಗಲಿ ಅಂತ ಬಿಟ್ಟು, ಆಗ ಹೋನ್ ಮಾಡ್ತಾರೆ. ಇದಕ್ಕೆ ಟಾರ್ಕ್ ಪ್ಲೇಟ್ ಅಂತಾರೆ.

ಅಳೆಯೋವಾಗ ಬಿಸಿಲನ್ನೂ ಲೆಕ್ಕಕ್ಕೆ ಹಿಡೀಬೇಕು. 4 ಇಂಚಿನ ಕಬ್ಬಿಣದ ಬೋರ್ 10 ಡಿಗ್ರಿ ಬಿಸಿ ಏರಿದ್ರೆ ಸುಮಾರು 0.011 ಮಿ.ಮೀ. ಹಿಗ್ಗುತ್ತೆ. ಅಲ್ಯೂಮಿನಿಯಂ ಅದರ ಎರಡರಷ್ಟು. ಕ್ರ್ಯಾಂಕ್ ಬೇರಿಂಗ್‌ಗೆ ಬಿಡೋ ಸಂದು ಬರೀ 0.06 ಮಿ.ಮೀ. ಆಸುಪಾಸು. ನಮ್ಮ ತಲೆಗೂದಲಿನ ದಪ್ಪ ಅಷ್ಟೇ. ಬೆಳಿಗ್ಗೆ ಅಳೆದದ್ದನ್ನ ಮಧ್ಯಾಹ್ನದ ಅಳತೆ ಜೊತೆ ಹೋಲಿಸೋ ಹಾಗಿಲ್ಲ ಫ್ರೆಂಡ್ಸ್.

ಭಾಗ 8/8: ಬಿಳಿ ಬಟ್ಟೆ

ಈಗ ನನ್ನ ತಪ್ಪು.

ಹೋನಿಂಗ್ ಕಲ್ಲು ಸಿಲಿಂಡರ್ ಗೋಡೆ ಮೇಲೆ ಅಡ್ಡಡ್ಡ ಸಣ್ಣ ಗೆರೆ ಬಿಡುತ್ತೆ. ಎಣ್ಣೆ ನಿಲ್ಲೋಕೆ ಆ ಗೆರೆ ಬೇಕು. ಆದರೆ ಕಲ್ಲಿನ ಪುಡಿಯೂ ಆ ಗೆರೆಯೊಳಗೇ ಕೂತಿರುತ್ತೆ. ಅದನ್ನ ತೆಗೆಯೋಕೆ ಬಿಸಿನೀರು, ಸೋಪು, ಬ್ರಷ್. ಆಮೇಲೆ ಎಣ್ಣೆ ಅದ್ದಿದ ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಬಿಳಿಯಾಗೇ ಬರೋ ತನಕ. ಸಾವಿರ ಹಾರ್ಸ್‌ಪವರ್ ಎಂಜಿನ್‌ಗೂ ಇದೇ, ಯೆಜ್ಡಿಗೂ ಇದೇ.

ಬೋರಿಂಗ್ ಶಾಪಿನ ಯಜಮಾನ್ರು ಹೇಳಿದ್ರು, "ಸೋಪ್ ಹಾಕಿ ಚೆನ್ನಾಗಿ ತೊಳಿಯಪ್ಪ, ಆಮೇಲೆ ಫಿಟ್ ಮಾಡು." ನನಗೆ ಅರ್ಜೆಂಟು. ಸೀಮೆಎಣ್ಣೆ ಸುರಿದೆ, ಕಾಟನ್ ವೇಸ್ಟಲ್ಲಿ ಒರೆಸಿದೆ, ಪಳಪಳ ಹೊಳೀತು, ಫಿಟ್ ಮಾಡಿದೆ. ಸೀಮೆಎಣ್ಣೆ ಜಿಡ್ಡು ತೆಗೀತು, ಪುಡಿ ಅಲ್ಲೇ ಉಳೀತು. ಮೂರನೇ ದಿನ ನಂಜನಗೂಡು ರಸ್ತೆಯಲ್ಲಿ ಹಿಂದಿನ ಚಕ್ರ ಲಾಕ್ ಆಯ್ತು. ನಾನು ಬೀಳಲಿಲ್ಲ, ಅದು ನನ್ನ ಅದೃಷ್ಟ. ಹಿಂದೆ ಲಾರಿ ಇದ್ದಿದ್ರೆ ಈ ಸೀರೀಸ್ ಇರ್ತಿರಲಿಲ್ಲ.

ದೊಡ್ಡಪ್ಪ ಬೈಯಲಿಲ್ಲ. ಬ್ಲಾಕನ್ನ ಬೆಳಕಿಗೆ ಹಿಡಿದು ನೋಡಿ, "ಇನ್ನೊಂದು ಬೋರಿಗೆ ದಪ್ಪ ಉಳಿದಿಲ್ಲ ಕಣೋ" ಅಂದ್ರು ಅಷ್ಟೇ. ಬೈದಿದ್ರೇ ಚೆನ್ನಾಗಿರ್ತಿತ್ತು. ಆ ಗಾಡಿ ಮಾಡಿದ ಐಡಿಯಲ್ ಜಾವಾ ಕಾರ್ಖಾನೆ ನಮ್ಮ ಮೈಸೂರಲ್ಲೇ ಇತ್ತು. 1996ರಲ್ಲಿ ಮುಚ್ಚಿತು. ಆ ಬ್ಲಾಕಿಗೆ ಈಗ ಕಂಪನಿ ಇಲ್ಲ. 392 ಹೆಮಿ ಇದ್ದವರ ಪರಿಸ್ಥಿತಿಯೇ ನಮ್ಮದೂ.

ಪರಿಹಾರವೂ ಹೆಚ್ಚುಕಮ್ಮಿ ಅದೇ. ಯಜಮಾನ್ರು ಹಾಳಾದ ಗೋಡೆಯನ್ನ ಪೂರ್ತಿ ಕೊರೆದು ತೆಗೆದು, ಲೇತಲ್ಲಿ ತಿರುಗಿಸಿದ ಹೊಸ ಸ್ಲೀವ್ ಒತ್ತಿ ಕೂರಿಸಿ, ಪೋರ್ಟ್‌ಗಳನ್ನ ಕೈಯಲ್ಲೇ ಬಿಡಿಸಿ, ಮತ್ತೆ ಬೋರ್ ಮಾಡಿ ಕೊಟ್ಟರು. ಡೊನೊವನ್ ಹೆಸರು ಅವರು ಕೇಳಿಲ್ಲ. ನಾನು ಹೇಳಿದಾಗ, "ಸ್ಲೀವ್ ಹಾಕೋದು ಎಲ್ಲಾ ಕಡೆ ಒಂದೇ ಕಣಪ್ಪ, ಅಳತೆ ಸರಿಯಿದ್ರೆ ಆಯ್ತು" ಅಂದ್ರು.

ಈ ಸಲ ನಾನು ನಾಲ್ಕು ಬಕೆಟ್ ಬಿಸಿನೀರಲ್ಲಿ ತೊಳೆದೆ. ಕೊನೆಯ ಫೋಟೋ ನೋಡಿ, ದೊಡ್ಡಪ್ಪನ ಹಳೇ ಬಿಳಿ ಪಂಚೆಯ ತುಂಡು. ಎಡಗಡೆಯಿಂದ ಬಲಕ್ಕೆ ಆರು ಸಲ ಒರೆಸಿದ ಗುರುತು. ಮೊದಲನೆಯದು ಬೂದು, ಆರನೆಯದು ಬಿಳಿ. ಮೊದಲನೆಯದು ಕೂಡ ಕಣ್ಣಿಗೆ ಕ್ಲೀನ್ ಅನ್ಸಿದ ಮೇಲೆ ಒರೆಸಿದ್ದು.

ಗಾಡಿ ಈಗ ಓಡ್ತಿದೆ. ಕೌಂಟರ್‌ನಲ್ಲಿ "ಒರಿಜಿನಲ್ಲಾ, ಲೋಕಲ್ಲಾ" ಅಂತ ಕೇಳಿದ್ರೆ ನಾನೀಗ ತಿರುಗಿ ಕೇಳೋದು, "ಯಾರು ಮಾಡಿದ್ದು, ಅಳತೆ ಎಷ್ಟು?" ಅಂತ. ಬ್ಯಾಗಲ್ಲಿ ವರ್ನಿಯರ್ ಇರುತ್ತೆ.

ಕ್ಲಾಸಿನವರಿಗೆ: ಲ್ಯಾಬಲ್ಲಿ ಬೋರ್ ಗೇಜ್ ಧೂಳು ಹಿಡಿದು ಕೂತಿದೆ, ಶನಿವಾರ ತೆಗೆಯೋಣ, ಬರೋರು ಕಾಮೆಂಟ್ ಮಾಡಿ. ಉಳಿದವರು: ನಿಮ್ಮ ಮನೆಯಲ್ಲಿ ಕಂಪನಿ ಮುಚ್ಚಿದ ಮೇಲೂ ಓಡ್ತಿರೋ ಗಾಡಿ ಇದ್ರೆ ಅದರ ಕಥೆ ಬರೀರಿ. ಯಾರು ರಿಪೇರಿ ಮಾಡ್ತಾರೆ ಅನ್ನೋದನ್ನೂ ಬರೀರಿ.

#ಎಂಜಿನ್‌ಬ್ಲಾಕ್ #ಬೋರಿಂಗ್‌ಶಾಪ್ #ಯೆಜ್ಡಿ #ಮೆಕ್ಯಾನಿಕಲ್‌ಹುಡುಗರು #ಕನ್ನಡದಲ್ಲಿ‌ಎಂಜಿನಿಯರಿಂಗ್